ಕೋನಪ್ಪನೂ ನೆಟ್ಟಗೆ ನಿಂತ ಬೆಳಕೂ

ಕೋನಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಅವನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದ ಕೆಲಸವೇ ಅವನಿಗೆ ಈ ಹೆಸರು ಕೊಟ್ಟಿತ್ತು. ಸ್ಟೂಲು ಹತ್ತುವುದು, ದೂರದರ್ಶಕದ ಬುಡಕ್ಕೆ ಬಿಗಿದ ಒಂದು ಬಿಳಿಯ ಲೋಹದ ಬಳೆಯನ್ನು ತಿರುಗಿಸುವುದು, ಎಷ್ಟು ಕೋನಕ್ಕೆ ತಿರುಗಿಸಿದೆ ಎಂದು ಗಟ್ಟಿಯಾಗಿ ಕೂಗುವುದು, ಇಳಿಯುವುದು. ಮತ್ತೆ ಹತ್ತುವುದು. ಇದಕ್ಕೆಂದು ಒಂದು ಮೋಟಾರು ಇತ್ತು. ಅವನು ಕೆಲಸಕ್ಕೆ ಸೇರುವ ಹಿಂದಿನ ವಾರ ಅದು ಕೆಟ್ಟಿತ್ತು. ರಿಪೇರಿಯಾಗುವವರೆಗೆ ಎಂದು ಕೋನಪ್ಪನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ರಿಪೇರಿಯ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಆರೋಗ್ಯವಾಗಿ ಓಡಾಡುತ್ತಿತ್ತು.

ಬಳೆ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿದವರಿಗೆ ಕೋನಪ್ಪ ಬಿಡದೆ ಹೇಳುತ್ತಿದ್ದ. ಬಿಸಿಲಲ್ಲಿ ಒದ್ದೆ ರಸ್ತೆ ಕಣ್ಣಿಗೆ ಹೊಡೆಯುತ್ತದಲ್ಲ, ಆ ಬೆಳಕು ಮಾಮೂಲಿ ಬೆಳಕಿನಂತೆ ಎಲ್ಲ ದಿಕ್ಕಿಗೂ ಸಮನಾಗಿ ಅಲುಗುವುದಿಲ್ಲ, ಒಂದು ಕಡೆಗೆ ವಾಲಿಕೊಂಡಿರುತ್ತದೆ. ಓದಿದವರು ಅದನ್ನು ಧ್ರುವೀಕರಣ ಅನ್ನುತ್ತಾರೆ. ಆಕಾಶದಲ್ಲಿ ಅಲೆಯುವ ಕ್ಷುದ್ರಗ್ರಹಗಳೆಂಬ ಕಲ್ಲುಗಳಿಗೆ ಬಡಿದು ಬರುವ ಸೂರ್ಯನ ಬೆಳಕೂ ಹೀಗೇ ವಾಲುತ್ತದೆ. ಬಳೆಯೊಳಗಿನ ಗಾಜನ್ನು ನಾಲ್ಕು ಕೋನಗಳಲ್ಲಿಟ್ಟು ನೋಡಿದರೆ ಎಷ್ಟು ವಾಲಿದೆ, ಯಾವ ಕಡೆಗೆ ವಾಲಿದೆ ಎಂದು ಗೊತ್ತಾಗುತ್ತದೆ. ಅದರಿಂದ ಆ ಕಲ್ಲಿನ ಮೈಮೇಲೆ ಹಿಟ್ಟಿನಂಥ ದೂಳಿದೆಯೋ, ಬೋಳು ಬಂಡೆಯೋ ಎಂದು ಇಲ್ಲಿಂದಲೇ ಹೇಳಬಹುದು.

"ಕ್ಷುದ್ರಗ್ರಹವೇ?" ಎಂದಿದ್ದರು ಅವನ ಅತ್ತೆ. "ಒಳ್ಳೇ ಗ್ರಹ ಯಾವುದೂ ಖಾಲಿ ಇರಲಿಲ್ವಾ?"

ಅತ್ತೆಗೆ ಇಬ್ಬರು ಅಳಿಯಂದಿರು. ದೊಡ್ಡ ಅಳಿಯ, ಅಂದರೆ ಕೋನಪ್ಪನ ಷಡ್ಡಕ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಅವನು ಊರಿನ ಅರ್ಧ ಜನಕ್ಕೆ ದೃಷ್ಟಿ ಕೊಟ್ಟವನು. ಚಿಕ್ಕ ಅಳಿಯ ಸ್ಟೂಲು ಹತ್ತುವವನು. ಇಬ್ಬರೂ ಒಂದೇ ಊಟಕ್ಕೆ ಕೂತಾಗ ಷಡ್ಡಕ ಕೋನಪ್ಪನ ಮುಖವನ್ನು ಗಿರಾಕಿಯ ಮುಖದಂತೆ ನೋಡುತ್ತಿದ್ದ. "ನಲವತ್ತು ಹತ್ತಿರ ಬಂತಲ್ಲಯ್ಯಾ. ಇನ್ನು ನಿನ್ನ ಕಣ್ಣು ನನ್ನ ಅಂಗಡಿಗೇ ಬರಬೇಕು" ಅನ್ನುತ್ತಿದ್ದ. ಕೋನಪ್ಪ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ್ದ.

ಬಳೆಯ ಮೇಲೆ ಕೋನಗಳನ್ನು ತೋರಿಸುವ ಕಪ್ಪು ಗೆರೆಗಳಿದ್ದವು. ಬಳೆ ತಿರುಗುವಾಗ ಟಕ್ ಟಕ್ ಎಂದು ಹದಿನಾರು ಕಡೆ ಕೂರುತ್ತಿತ್ತು. ಸೊನ್ನೆಯ ಗೆರೆ ಒಂದು ಸಿಕ್ಕರೆ ಸಾಕು, ಅಲ್ಲಿಂದಾಚೆ ಟಕ್ಕುಗಳನ್ನು ಎಣಿಸುತ್ತ ಹೋದರಾಯಿತು. ತಿಂಗಳಿಗೊಮ್ಮೆ ಸ್ಪಿರಿಟ್ ಹಾಕಿ ಒರೆಸಿ ಒರೆಸಿ ಆ ಗೆರೆಗಳು ಅಳಿಸಿಹೋಗಿದ್ದವು. ಕಪ್ಪು ಬಣ್ಣ ಬೇಕೆಂದು ಕಚೇರಿಯ ಸೂಪರಿಂಟೆಂಡೆಂಟರಿಗೆ ಬರೆದುಕೊಟ್ಟರೆ ದಾಸ್ತಾನಿನಲ್ಲಿ ಬಿಳಿ ಮಾತ್ರ ಇದೆ ಎಂಬ ಉತ್ತರ ಬಂತು. ಬಿಳಿ ಬಳೆಯ ಮೇಲೆ ಬಿಳಿ ಗೆರೆ ಎಳೆಯುವಷ್ಟು ಕೋನಪ್ಪ ದಡ್ಡನಲ್ಲ. ಹೆಂಡತಿಗೆ ಅವಳ ಅಕ್ಕ ಕೊಟ್ಟಿದ್ದ ಕೆಂಪು ಉಗುರುಬಣ್ಣದ ಸೀಸೆ ತಂದು, ಒಂದು ಮಧ್ಯಾಹ್ನ ಪೂರ್ತಿ ಉಸಿರು ಬಿಗಿಹಿಡಿದು ಗೆರೆ ಎಳೆದ. ಕೆಂಪಗೆ, ದಪ್ಪಗೆ, ಪ್ರತಿ ಗೆರೆಗೂ ಅಂಕಿ. ಸ್ಪಿರಿಟ್ಟಿಗೂ ಜಗ್ಗದ ಬಣ್ಣ. ಕೆಳಗಿಳಿದು ದೂರ ನಿಂತು ನೋಡಿದಾಗ ಅವನಿಗೆ ಈ ಸಂಸ್ಥೆ ತನ್ನಿಂದಲೇ ನಡೆಯುತ್ತಿದೆ ಎಂಬ ಭಾವನೆ ಬಂತು. ಎಲ್ಲ ತೊಂದರೆಯೂ ಶುರುವಾಗುವುದು ಇಂಥ ಭಾವನೆಯಿಂದಲೇ.

ಎರಡು ದಿನದ ಮೇಲೆ ಆಕಾಶ ತಿಳಿಯಾಯಿತು. ಡಾಕ್ಟರೇಟಿಗಾಗಿ ಐದು ವರ್ಷದಿಂದ ಕಲ್ಲುಗಳ ಹಿಂದೆ ಬಿದ್ದಿದ್ದ ಹುಡುಗಿಯೊಬ್ಬಳು ಅಲ್ಲಿದ್ದಳು. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರೂ ಮೇಡಂ ಅನ್ನುತ್ತಿದ್ದರು. ಪೂರ್ತಿ ಕತ್ತಲಾಗುವ ಮುಂಚೆ ಗುಮ್ಮಟದ ಬಿಳಿ ದೀಪ ಹಾಕಿಕೊಂಡೇ ಒಂದು ಪರೀಕ್ಷೆಯ ನಕ್ಷತ್ರ ನೋಡುವುದು ಪದ್ಧತಿ. ಅದರ ಬೆಳಕು ಎಷ್ಟು ವಾಲಿದೆ ಎಂದು ಲೋಕಕ್ಕೆಲ್ಲ ಗೊತ್ತು. ನಮ್ಮ ಅಳತೆ ಅದಕ್ಕೆ ಹೊಂದಿದರೆ ಉಪಕರಣ ಸರಿ ಇದೆ ಎಂದರ್ಥ. ಹೊಂದಿತು. ದೀಪ ಆರಿಸಿದರು. ಕಣ್ಣು ಕತ್ತಲೆಗೆ ಒಗ್ಗಿರಲೆಂದು ಇಂಥ ಕಡೆ ಕೆಂಪು ಟಾರ್ಚು ಮಾತ್ರ ಬಳಸುತ್ತಾರೆ. ಕೋನಪ್ಪ ಕೆಂಪು ಟಾರ್ಚು ಹಿಡಿದು ಸ್ಟೂಲು ಹತ್ತಿದ.

ಬಳೆಯ ಮೇಲೆ ಗೆರೆಯೇ ಇರಲಿಲ್ಲ.

ಟಾರ್ಚನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಣ್ಣುಜ್ಜಿಕೊಂಡ, ಗೆರೆ ಹುಡುಕುತ್ತ ಬಳೆಯನ್ನು ಲೆಕ್ಕವಿಲ್ಲದೆ ಅತ್ತಿತ್ತ ತಿರುಗಿಸಿದ. ಬಳೆ ಹಸುಗೂಸಿನ ಕೆನ್ನೆಯಂತೆ ನುಣ್ಣಗಿತ್ತು. ಷಡ್ಡಕನ ಮಾತು ನೆನಪಾಯಿತು. ನಲವತ್ತು ಬಂದೇ ಬಿಟ್ಟಿತೇ?

"ಕೋನಪ್ಪೋರೆ, ಸೊನ್ನೆ?" ಕೆಳಗಿನಿಂದ ಮೇಡಂ ಕೂಗಿದರು.

ನನಗೆ ಕಾಣುತ್ತಿಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಳೆ ಅದು ಷಡ್ಡಕನ ಕಿವಿಗೆ ಬೀಳುತ್ತದೆ. ಕೋನಪ್ಪ ಹದಿನಾಲ್ಕು ವರ್ಷದ ಅನುಭವವನ್ನೆಲ್ಲ ಬೆರಳ ತುದಿಗೆ ತಂದುಕೊಂಡು, ಸೊನ್ನೆ ಇಲ್ಲೇ ಇರಬೇಕು ಎಂದು ಒಂದು ಟಕ್ಕಿನಲ್ಲಿ ಬಳೆಯನ್ನು ಕೂರಿಸಿ, "ಸೊನ್ನೆ!" ಎಂದು ಎಂದಿಗಿಂತ ಗಟ್ಟಿಯಾಗಿ ಕೂಗಿದ. ಕೊನೆಯಲ್ಲಿ ಇನ್ನೊಮ್ಮೆ ಪರೀಕ್ಷೆಯ ನಕ್ಷತ್ರ ನೋಡಬೇಕಿತ್ತು. ಅಷ್ಟರಲ್ಲಿ ಮೋಡ ಬಂತು.

ಮರುದಿನ ಲೆಕ್ಕ ಹಾಕಿದ ಮೇಡಂ ಊಟ ಬಿಟ್ಟರು. ಸೂರ್ಯ ನಮ್ಮ ಬೆನ್ನ ಹಿಂದಿರುವಾಗ ಇದುವರೆಗೆ ನೋಡಿದ ಕಲ್ಲುಗಳ ಬೆಳಕೆಲ್ಲ ಅಡ್ಡಡ್ಡ ಮಲಗಿರುತ್ತದೆ. ಇದೊಂದು ಕಲ್ಲಿನ ಬೆಳಕು ನೆಟ್ಟಗೆ ನಿಂತಿತ್ತು! ಲೆಕ್ಕವನ್ನು ಏಳು ಸಲ ಮಾಡಿದರು. ಏಳು ಸಲವೂ ಅದು ನಿಂತೇ ಇತ್ತು. ಡೈರೆಕ್ಟರು ಕುರ್ಚಿಯಿಂದ ಎದ್ದರು. ಹದಿನೈದು ದಿನಕ್ಕೆ ಪೇಟೆಯ ಸಭಾಂಗಣದಲ್ಲಿ ಉಪನ್ಯಾಸ ಗೊತ್ತಾಯಿತು. ಹೊರಗಿನಿಂದ ಒಬ್ಬ ದೊಡ್ಡ ತಜ್ಞರು ಬರುವುದಾಗಿ ಒಪ್ಪಿದರು. ಆ ತಜ್ಞರು ಸುಳ್ಳು ಶೋಧಗಳನ್ನು ವೇದಿಕೆಯ ಮೇಲೆಯೇ ಹರಿದು ಹಾಕುವುದರಲ್ಲಿ ಹೆಸರಾದವರು. "ಬರಲಿ, ಬಾಯಿ ಮುಚ್ಚಿಕೊಂಡು ಹೋಗ್ತಾರೆ" ಅಂದರು ಡೈರೆಕ್ಟರು. ಅಂದು ಬಳೆ ತಿರುಗಿಸಿದ ಕೋನಪ್ಪನನ್ನೂ ಅದೇ ವೇದಿಕೆಯ ಮೇಲೆ ಉಪಕರಣಾಧಿಕಾರಿ ಎಂದು ಘೋಷಿಸುವುದಾಗಿ ಹೇಳಿದರು.

ಸುದ್ದಿ ಗುಡ್ಡ ಇಳಿಯುವಷ್ಟರಲ್ಲಿ ದಪ್ಪವಾಯಿತು. ಕೋನಪ್ಪನಿಗೆ ಮಹಡಿ ಬಾಡಿಗೆಗೆ ಕೊಟ್ಟು ಕೆಳಗೆ ವಾಸವಿದ್ದ ಮನೆಯ ಮಾಲೀಕರು ಮೆಟ್ಟಿಲ ಬಳಿ ಅಡ್ಡ ನಿಂತರು.

"ಅಲ್ಲ ಸ್ವಾಮಿ, ಆಕಾಶದಲ್ಲಿ ಯಾವುದೋ ಕಲ್ಲನ್ನ ನೀವು ನೆಟ್ಟಗೆ ನಿಲ್ಲಿಸಿದ್ರಂತೆ?"

"ಕಲ್ಲನ್ನಲ್ಲ, ಬೆಳಕನ್ನ."

"ಅದೇ. ಮೊದಲು ಮಲಗಿತ್ತಂತೆ. ಮಲಗಿದ್ದನ್ನ ಯಾಕೆ ಎಬ್ಬಿಸಿದ್ರಿ? ಹೊಸದಾಗಿ ಹೆಂಚು ಹಾಕಿಸಿದೀನಿ ನಾನು."

ಬೀದಿ ಕೊನೆಯ ದರ್ಜಿ ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು, ಅಳತೆಯವನಿಗೆ ಅಳತೆಯವನ ಗೌರವ ಎಂದು ಕೋಟು ಹೊಲಿದುಕೊಡುವುದಾಗಿ ಹೇಳಿದ. ಅತ್ತೆ ಮೊದಲ ಬಾರಿಗೆ ಕೋನಪ್ಪನಿಗೆ ಷಡ್ಡಕನಿಗಿಂತ ಮುಂಚೆ ಬಡಿಸಿದರು. ಷಡ್ಡಕ ತಟ್ಟೆ ನೋಡುತ್ತ ಕೂತ. ಕೋನಪ್ಪ ಆ ಊಟವನ್ನು ಬಹಳ ನಿಧಾನವಾಗಿ ಉಂಡ.

ಹತ್ತು ದಿನ ಮೋಡ ಕದಲಲಿಲ್ಲ. ಉಪನ್ಯಾಸದ ವಾರ ಸೋಮವಾರ ಬೆಳಿಗ್ಗೆ ಕೋನಪ್ಪ ತಿಂಗಳ ಒರೆಸುವಿಕೆಗೆಂದು ಗುಮ್ಮಟದ ದೀಪ ಹಾಕಿ ಸ್ಟೂಲು ಹತ್ತಿದ. ಕೆಂಪು ಗೆರೆಗಳು ಕಣ್ಣಿಗೆ ಕುಕ್ಕುವಂತಿದ್ದವು. ಆ ರಾತ್ರಿ ಮೋಡ ಬಂದ ಗಡಿಬಿಡಿಯಲ್ಲಿ ನಾಲ್ಕನೇ ಕೋನವಾದ ಅರವತ್ತೇಳೂವರೆ ಡಿಗ್ರಿಯಲ್ಲೇ ಬಿಟ್ಟುಬಂದಿದ್ದ ಬಳೆಯನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಅದು ಅರವತ್ತೇಳೂವರೆಯಲ್ಲಿ ಇರಲಿಲ್ಲ. ಎರಡು ಟಕ್ ಆಚೆ ಇತ್ತು.

ಎರಡು ಟಕ್. ಒಂದು ಟಕ್ ಆಗಿದ್ದರೆ ಲೆಕ್ಕ ಸೊಟ್ಟಗಾಗುತ್ತಿತ್ತು, ಯಾರಿಗಾದರೂ ಅನುಮಾನ ಬರುತ್ತಿತ್ತು. ಸರಿಯಾಗಿ ಎರಡು ಟಕ್ ತಪ್ಪಿದರೆ ಮಾತ್ರ ಅಡ್ಡ ಇದ್ದದ್ದು ಅಚ್ಚುಕಟ್ಟಾಗಿ ನೆಟ್ಟಗಾಗುತ್ತದೆ. ಶೋಧ ಮಾಡಿದ್ದು ಕಲ್ಲಲ್ಲ, ಅವನ ಬೆರಳು. ಶುಕ್ರವಾರ ನಾಲ್ಕು ಗಂಟೆಗೆ ಆ ಹುಡುಗಿ ಅದನ್ನು ತಜ್ಞರ ಮುಂದೆ ಇಡುತ್ತಾಳೆ. ಅವರು ಅವಳ ಐದು ವರ್ಷವನ್ನು ಎರಡು ಹೋಳು ಮಾಡುತ್ತಾರೆ.

ಅಂಥ ಹೊತ್ತಿನಲ್ಲೂ ಕೋನಪ್ಪನ ಕೈಗೆ ಅದರದೇ ಶಿಸ್ತು. ಕೆಲಸ ಮುಗಿದ ಮೇಲೆ ಬಳೆ ಸೊನ್ನೆಯಲ್ಲಿರಬೇಕು. ಟಕ್, ಟಕ್, ಟಕ್ ಎಂದು ತಿರುಗಿಸಿ ಸೊನ್ನೆಗೆ ತಂದು, ತಿರುಪು ಬಿಗಿದು, ಅದರ ಮೇಲಿನ ದೂಳನ್ನೂ ಒರೆಸಿ, ಆಮೇಲೆ ಮೇಡಂ ಕೋಣೆಗೆ ಓಡಿದ. ತಪ್ಪಿಗೆ ಇದ್ದ ಒಂದೇ ಸಾಕ್ಷಿಯನ್ನು ತಪ್ಪು ಮಾಡಿದವನೇ ಇಷ್ಟು ಶುಚಿಯಾಗಿ ಅಳಿಸಿದ್ದು ಅಪರೂಪ.

ಮೇಡಂ ಬಂದು ಸ್ಟೂಲು ಹತ್ತಿ ನೋಡಿದರು. "ಸೊನ್ನೆಯಲ್ಲೇ ಇದೆಯಲ್ಲಾ?"

"ಅದು ನಾನು ಈಗ ತಿರುಗಿಸಿದ್ದು ಮೇಡಂ."

"ಯಾಕೆ ತಿರುಗಿಸಿದ್ರಿ?"

"ಅಭ್ಯಾಸ."

ಅವರು ಬಳೆಯ ಮೇಲೆ ಬೆರಳಾಡಿಸಿದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಕೋನಪ್ಪೋರೆ, ಪರೀಕ್ಷೆಯ ನಕ್ಷತ್ರ ಸರಿ ಬಂದಿದೆ. ಅರ್ಧ ಗಂಟೆ ಆದ್ಮೇಲೆ ಅದೇ ಬಳೆ, ಅದೇ ನೀವು. ಗೆರೆ ನೋಡಿ, ರಸ್ತೆ ಮಧ್ಯದ ಪಟ್ಟೆ ಇದ್ದ ಹಾಗಿದೆ. ಇದು ಹೇಗೆ ತಪ್ಪುತ್ತೆ?"

"ಕಾಣಲಿಲ್ಲ ಮೇಡಂ."

"ನಕ್ಷತ್ರಕ್ಕೆ ಕಂಡಿತ್ತು?"

"ಕಂಡಿತ್ತು."

"ಕಲ್ಲಿಗೆ ಕಾಣಲಿಲ್ಲ?"

"ಕಾಣಲಿಲ್ಲ." ತನ್ನ ಬಾಯಿಂದ ಬಂದದ್ದು ತನಗೇ ಹುಚ್ಚು ಮಾತಿನಂತೆ ಕೇಳಿಸಿತು. "ಕಣ್ಣು ಕೆಟ್ಟಿದೆ ಅನ್ಸುತ್ತೆ."

"ಹಾಗಿದ್ರೆ ಪರೀಕ್ಷೆ ಮಾಡಿಸ್ಕೊಂಡು ಬನ್ನಿ" ಅಂದರು ಮೇಡಂ. "ಕಣ್ಣು ಕೆಟ್ಟಿದೆ ಅಂತ ಯಾರಾದ್ರೂ ಬರೆದುಕೊಟ್ರೆ ಉಪನ್ಯಾಸ ನಿಲ್ಲಿಸ್ತೀನಿ. ಬರೀ ಹೆದರಿಕೆಗೆ ನಿಲ್ಲಿಸೋಕಾಗಲ್ಲ. ನನಗೂ ಹೆದರಿಕೆ ಇದೆ."

ಮಂಗಳವಾರ ಕೋನಪ್ಪ ಮೊದಲು ಕಚೇರಿಯ ದಾರಿ ಹಿಡಿದ. ಸೂಪರಿಂಟೆಂಡೆಂಟರು ಕನ್ನಡಕದ ಮೇಲಿನಿಂದ ನೋಡಿದರು.

"ತಪ್ಪೊಪ್ಪಿಗೆಗೆ ನಮೂನೆ ಇದೆ. ಏನು ಒಡೀತು?"

"ಏನೂ ಒಡೀಲಿಲ್ಲ ಸಾರ್."

"ಏನು ಕಳೀತು?"

"ಎರಡು ಟಕ್."

"ಟಕ್ಕು ದಾಸ್ತಾನು ಪುಸ್ತಕದಲ್ಲಿಲ್ಲ. ಇಲ್ಲದ್ದು ಹೇಗ್ರೀ ಕಳೆಯುತ್ತೆ?" ಎಂದು ನಮೂನೆಯನ್ನು ಡ್ರಾಯರಿನೊಳಗೆ ಹಾಕಿದರು. "ಮನೆಗೆ ಹೋಗಿ ಕೋಟಿನ ಅಳತೆ ಕೊಡಿ."

ಡೈರೆಕ್ಟರು ಇನ್ನೂ ಕಷ್ಟ. ಕೋನಪ್ಪ ಬಾಗಿಲಲ್ಲೇ ನಿಂತು "ಸಾರ್, ತಪ್ಪು ನಂದು" ಅಂದ. ಡೈರೆಕ್ಟರು ಎದ್ದು ಬಂದು ಅವನ ಎರಡೂ ಭುಜ ಹಿಡಿದುಕೊಂಡರು.

"ಇದೇ ನೋಡಿ! ದೊಡ್ಡ ಕೆಲಸ ಮಾಡಿದವರೆಲ್ಲ ಹೀಗೇ ಹೇಳೋದು. ನಾನು ಮಾಡಿದ್ದಲ್ಲ, ತಾನಾಗಿ ಆಯ್ತು ಅಂತ."

"ತಾನಾಗಿ ಆಗಲಿಲ್ಲ ಸಾರ್, ನಾನೇ ಮಾಡಿದ್ದು. ತಪ್ಪಾಗಿ."

"ಆಹಾ! ಈ ಮಾತನ್ನ ಶುಕ್ರವಾರ ವೇದಿಕೆ ಮೇಲೂ ಹೇಳಿ. ಹೀಗೇ, ಈ ಮುಖ ಇಟ್ಕೊಂಡೇ ಹೇಳಿ."

ಆ ಹೊತ್ತಿಗೆ ಕೋನಪ್ಪನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದ. ಮೋಡ ನೋಡಿದ. ಆಕಾಶ ಒಮ್ಮೆ ತೆರೆದರೆ ಸಾಕು, ಮತ್ತೆ ಅಳೆದು ತೋರಿಸಬಹುದು. ಮೋಡ ಹಳೇ ಕಂಬಳಿಯಂತೆ ಬಿದ್ದುಕೊಂಡಿತ್ತು. ಹೆಂಡತಿ ನೆಲ ಒರೆಸುತ್ತ, "ಒಂದು ಕಡೆ ನಿಂತ್ಕೊಳ್ರೀ, ಅಥವಾ ಒರೆಸೋ ಬಟ್ಟೆ ಕಾಲಿಗೆ ಕಟ್ಕೊಂಡು ಓಡಾಡಿ. ಆ ಬೆಳಕು ಮಲಗಿದ್ರೇನು, ನಿಂತ್ರೇನು? ನೀವೊಬ್ಬರು ಮಲಗಿ" ಅಂದಳು.

"ನಾನು ಹೇಳೋದನ್ನ ಯಾರೂ ನಂಬ್ತಿಲ್ಲ ಕಣೇ."

"ಹದಿನಾಲ್ಕು ವರ್ಷ ನಿಜ ಹೇಳಿದ್ರಿ, ಆಗಲೂ ಯಾರು ನಂಬಿದ್ರು?"

ಬುಧವಾರ ಅವನು ಶಪಥ ಮುರಿದು ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದ. ಗಾಜಿನ ಕಪಾಟುಗಳಲ್ಲಿ ನೂರಾರು ಕನ್ನಡಕಗಳು ಒಟ್ಟಿಗೆ ಅವನನ್ನು ನೋಡಿದವು. ವಿಷಯ ಕೇಳಿದ್ದೇ ತಡ ಷಡ್ಡಕನ ಮುಖ ಅರಳಿತು.

"ನಂಗೆ ಗೊತ್ತಿತ್ತು! ನೀನು ಇಂಥದ್ದೇನೋ ಮಾಡಿರ್ತೀಯಾ ಅಂತ ಮೊದಲ ದಿನವೇ ಗೊತ್ತಿತ್ತು ಕಣಯ್ಯಾ!"

ಮೂರು ದಿನದಿಂದ ಯಾರೂ ನಂಬದ ಮಾತನ್ನು ಒಂದು ನಿಮಿಷದಲ್ಲಿ ನಂಬಿದ ಈ ಮನುಷ್ಯನ ಮೇಲೆ ಕೋನಪ್ಪನಿಗೆ ಪ್ರೀತಿ ಉಕ್ಕಿತು. "ಭಾವ, ನೀವೊಬ್ಬರೇ ನನ್ನ ಅರ್ಥ ಮಾಡ್ಕೊಂಡಿದ್ದು" ಎಂದು ಕೈ ಹಿಡಿದುಕೊಂಡ.

"ಕೂತ್ಕೋ. ದಪ್ಪ ಗಾಜೇ ಹಾಕ್ತೀನಿ. ಅತ್ತೆಗೆ ದೂರದಿಂದಲೇ ಕಾಣೋ ಅಂಥ ಗಾಜು." ಗೋಡೆಯ ಅಕ್ಷರದ ಹಲಗೆಗೆ ದೀಪ ಹಾಕಿದ. "ಓದು."

ಕೋನಪ್ಪ ನೋಡಿದ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಾಸಿವೆಯಂಥ ಅಕ್ಷರದವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ದಿಗಿಲಾಯಿತು. "ಮೇಲಿನದು... ಏನೋ ಗುಂಡಗಿದೆ."

"ಯಾವ ಅಕ್ಷರ?"

"ಅಕ್ಷರವಾ ಅದು?"

ಷಡ್ಡಕ ಕಣ್ಣು ಕಿರಿದು ಮಾಡಿದ. ಮೂವತ್ತು ವರ್ಷ ಕಣ್ಣು ನೋಡಿದವನು. ಹಲಗೆಯ ಅಂಚಿನಲ್ಲಿ ಬೆರಳಿಟ್ಟು, "ಇಲ್ಲಿ ಮೂಲೆಯಲ್ಲಿ ನನ್ನ ಅಂಗಡಿ ಹೆಸರು ತಪ್ಪಾಗಿ ಅಚ್ಚಾಗಿದೆ, ಯಾರಿಗೂ ಕಾಣಲ್ಲ, ಬಿಡು" ಅಂದ.

"ತಪ್ಪೇನಿಲ್ಲವಲ್ಲ ಭಾವ, ಸರಿಯಾಗೇ ಇದೆ" ಅಂದ ಕೋನಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಷಡ್ಡಕ ಯಂತ್ರ ತಂದ, ಗಾಜು ಬದಲಾಯಿಸಿದ, ಕಣ್ಣಿನೊಳಗೆ ದೀಪ ಬಿಟ್ಟು ಬಗ್ಗಿ ನೋಡಿದ. ಏಳುವಾಗ ಅವನ ಮುಖದಲ್ಲಿ ಯಾರೋ ಹತ್ತಿರದವರು ಹೋದಂಥ ದುಃಖವಿತ್ತು.

"ಏನೂ ಆಗಿಲ್ಲ ಕಣಯ್ಯಾ ನಿಂಗೆ. ಇಂಥ ಕಣ್ಣು ನಾನು ಈ ಅಂಗಡಿಯಲ್ಲಿ ನೋಡೇ ಇಲ್ಲ."

"ಸ್ವಲ್ಪ ಕೆಟ್ಟಿದೆ ಅಂತ ಬರೀರಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ. ಒಬ್ಬ ಹುಡುಗಿಯ ಬದುಕು."

"ನನ್ನ ಹೊಟ್ಟೆ ಉರೀತಿದೆ, ಆದ್ರೂ ಸುಳ್ಳು ಬರೆಯಲ್ಲ. ಕಣ್ಣಿನ ವಿಷಯದಲ್ಲಿ ನಾನು ಸುಳ್ಳು ಬರೆಯೋನಲ್ಲ." ಅವನು ಹಲ್ಲು ಕಚ್ಚಿ, ಅಂಗಡಿಯ ಮುದ್ರೆ ಒತ್ತಿದ ಕಾಗದದ ಮೇಲೆ ಬರೆದು ಕೊಟ್ಟ: ಈ ವ್ಯಕ್ತಿಯ ದೃಷ್ಟಿ ಅತ್ಯುತ್ತಮ.

ಗುರುವಾರ ಮೇಡಂ ಆ ಕಾಗದವನ್ನು ಓದಿ, ಮಡಿಸಿ, ತಮ್ಮ ಉಪನ್ಯಾಸದ ಕಡತದಲ್ಲೇ ಇಟ್ಟುಕೊಂಡರು. "ತಜ್ಞರು ಕೇಳಿದ್ರೆ ಇದನ್ನೂ ತೋರಿಸಬಹುದು" ಅಂದರು. ನಾಲ್ಕು ದಿನದ ಓಡಾಟದಲ್ಲಿ ತನ್ನದು ತಪ್ಪಲ್ಲ ಎಂದು ಕೋನಪ್ಪ ತಾನೇ ಸಾಬೀತು ಮಾಡಿಕೊಟ್ಟಂತಾಗಿತ್ತು.

ಶುಕ್ರವಾರ ನಾಲ್ಕಕ್ಕೆ ಸಭಾಂಗಣ ತುಂಬಿತು. ಮನೆಯ ಮಾಲೀಕರು ಬಾಗಿಲ ಹತ್ತಿರವೇ ಕೂತಿದ್ದರು, ಏನಾದರೂ ಬಿದ್ದರೆ ಓಡಲು. ಮುಂದಿನ ಸಾಲಿನಲ್ಲಿ ಅತ್ತೆ, ಹೆಂಡತಿ, ಮುಖ ಊದಿಸಿಕೊಂಡ ಷಡ್ಡಕ. ಪಕ್ಕದಲ್ಲಿ ತಜ್ಞರು, ತೊಡೆಯ ಮೇಲೆ ಒಂದು ತೆಳ್ಳನೆಯ ಕಡತ, ಮುಖದಲ್ಲಿ ಹಸಿದ ಶಾಂತಿ. ವೇದಿಕೆಯ ಹಿಂದೆ ಉದ್ದಕ್ಕೂ ಬಿಳಿ ಬಟ್ಟೆ. ಅದರ ಮೇಲೆ ಆಳೆತ್ತರದ ಕೆಂಪು ಅಕ್ಷರಗಳಲ್ಲಿ "ನೆಟ್ಟಗೆ ನಿಂತ ಬೆಳಕು" ಎಂದು ಬರೆಸಿದ್ದರು. ಹೊಸ ಕೋಟಿನೊಳಗೆ ಕೋನಪ್ಪ ಬೆವರುತ್ತಿದ್ದ. ಅವನಿಗೆ ಕೊಟ್ಟ ಕುರ್ಚಿಯಲ್ಲಿ ಅವನು ಕೂತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು.

ಡೈರೆಕ್ಟರು ಮೈಕು ಹಿಡಿದರು. "ಉಪನ್ಯಾಸಕ್ಕೆ ಮುಂಚೆ ಈ ಶೋಧಕ್ಕೆ ಕಾರಣನಾದ, ಆದರೆ ನಾನೇನೂ ಮಾಡಿಲ್ಲ ಅನ್ನೋ ಮನುಷ್ಯನನ್ನ ಪರಿಚಯಿಸ್ತೀನಿ."

ಕೋನಪ್ಪ ಮೈಕಿನ ಮುಂದೆ ನಿಂತ. "ಇದು ಶೋಧ ಅಲ್ಲ" ಅಂದ. "ನನ್ನ ತಪ್ಪು. ಬಳೆಯನ್ನ ಎರಡು ಟಕ್ ಆಚೆ ಇಟ್ಟೆ."

ಚಪ್ಪಾಳೆ ಚಾವಣಿಗೆ ಬಡಿಯಿತು. "ಎಂಥ ವಿನಯ!" ಎಂದು ಯಾರೋ ಕಣ್ಣೊರೆಸಿಕೊಂಡರು. "ನಿಜ ಹೇಳ್ತಿದೀನಿ!" ಎಂದು ಕೋನಪ್ಪ ಕೂಗಿದ. ಚಪ್ಪಾಳೆ ಇನ್ನೂ ಜೋರಾಯಿತು. "ಅವನು ನಿಜವಾಗ್ಲೂ ತಪ್ಪು ಮಾಡಿರೋ ಮನುಷ್ಯನೇ!" ಎಂದು ಷಡ್ಡಕ ಎದ್ದು ನಿಂತು ಕಿರುಚಿದ. ಅತ್ತೆ ಅವನ ಅಂಗಿ ಹಿಡಿದು ಕೆಳಗೆ ಎಳೆದರು. "ಕೂತ್ಕೊಳ್ಳಿ. ಹೊಟ್ಟೆಕಿಚ್ಚು ಮನೆಯಲ್ಲಿ ಪಡೋಣ."

"ಈಗ ಉಪನ್ಯಾಸ!" ಎಂದರು ಡೈರೆಕ್ಟರು. "ವೀಕ್ಷಣಾಲಯದ ವಾತಾವರಣ ಬರಲಿ. ಏ, ದೀಪದವರೇ, ಎಲ್ಲ ಆರಿಸಿ, ಕೆಂಪು ಒಂದೇ ಹಾಕಿ!"

ಕಿಟಕಿಗಳ ದಪ್ಪ ಪರದೆ ಎಳೆದರು, ದೀಪಗಳು ಆರಿದವು. ವೇದಿಕೆಯ ಮೇಲೆ ಕೆಂಪು ಬೆಳಕು ಬಿತ್ತು. ಮೇಡಂ ಕಡತ ಹಿಡಿದು ಮೈಕಿನ ಕಡೆ ಹೆಜ್ಜೆ ಇಟ್ಟರು. ಆಗ ಮುಂದಿನ ಸಾಲಿನಿಂದ ಅತ್ತೆಯ ದನಿ ಬಂತು.

"ಅಯ್ಯೋ, ಅಕ್ಷರ ಎಲ್ಲಿ ಹೋಯ್ತು?"

ಎಲ್ಲರೂ ನೋಡಿದರು. ಬಟ್ಟೆ ಉದ್ದಕ್ಕೂ ಖಾಲಿ. ಒಂದು ಗೆರೆ ಇಲ್ಲ, ಒಂದು ಕೊಂಬಿಲ್ಲ. ಆಳೆತ್ತರದ ಅಕ್ಷರಗಳನ್ನು ಯಾರೋ ನಾಲಿಗೆಯಿಂದ ನೆಕ್ಕಿದಂತೆ ನುಣ್ಣಗಿತ್ತು.

ಕೋನಪ್ಪ ಬೆಕ್ಕಿನಂತೆ ಹಾರಿದ. ಬಟ್ಟೆಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದ. "ಬಿಳಿ ಹಾಕಿ!" ಎಂದು ಕೂಗಿದ. ಬಿಳಿ ದೀಪ ಬಂತು, ಅಕ್ಷರಗಳು ಬಂದವು. "ಕೆಂಪು!" ಅಕ್ಷರ ಮಾಯ. "ಬಿಳಿ! ಕೆಂಪು! ಬಿಳಿ!" ದೀಪದವನಿಗೆ ಹುರುಪು ಬಂದು ಕೇಳದೆಯೂ ಎರಡು ಸಲ ಹಾಕಿ ಆರಿಸಿದ.

"ಅದೇ! ಅದೇ ಮೇಡಂ! ಹೀಗೇ ಆಗಿದ್ದು!"

ಡೈರೆಕ್ಟರು ಏನೋ ಹೇಳಲು ಹೋದರು. ಮೇಡಂ ಕೈ ಎತ್ತಿ ತಡೆದರು. ಅವರು ಬಟ್ಟೆಯನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಬಳೆ ಬಿಳಿ" ಅಂದರು ನಿಧಾನವಾಗಿ.

"ಹೂಂ."

"ಗೆರೆ ಕೆಂಪು. ಟಾರ್ಚು ಕೆಂಪು."

"ಹೂಂ ಮೇಡಂ."

"ಪರೀಕ್ಷೆಯ ನಕ್ಷತ್ರಕ್ಕೆ?"

"ಗುಮ್ಮಟದ ಬಿಳಿ ದೀಪ ಉರೀತಿತ್ತು."

ಮೇಡಂ ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟರು. ಕಡತ ಮಡಿಲಲ್ಲಿ ತೆರೆದುಕೊಂಡಿತು. ಐದು ವರ್ಷಗಳಲ್ಲಿ ಸಿಕ್ಕಿದ್ದ ಒಂದೇ ಅಚ್ಚರಿ ಕಣ್ಣೆದುರೇ ಹೋಗುತ್ತಿತ್ತು. ಆ ಮುಖವನ್ನು ನೋಡಲಾರದೆ ಕೋನಪ್ಪ ಕೋಟಿನ ಗುಂಡಿಯನ್ನು ತಿರುಗಿಸುತ್ತ ನಿಂತ. ಸೋಮವಾರದಿಂದ ಎಲ್ಲರೂ ನಂಬಲಿ ಎಂದು ಅಲೆದಿದ್ದ. ನಂಬಿದ ಮೇಲೆ ಹೀಗಾಗುತ್ತದೆ ಎಂದು ಯೋಚಿಸಿರಲಿಲ್ಲ.

ತಜ್ಞರು ಎದ್ದು ಬಂದರು. "ನಿಮಗೆ ಕೇಳೋಕೆ ಹದಿನೇಳು ಪ್ರಶ್ನೆ ಬರ್ಕೊಂಡು ಬಂದಿದ್ದೆ" ಅಂದರು.

"ಹದಿನೇಳಕ್ಕೂ ಒಂದೇ ಉತ್ತರ ಸಾರ್" ಅಂದರು ಮೇಡಂ. "ಉಗುರುಬಣ್ಣ."

ತಜ್ಞರ ಹಸಿದ ಮುಖ ಮೊದಲ ಬಾರಿಗೆ ಸಡಿಲವಾಯಿತು. "ಇಷ್ಟು ವರ್ಷದಲ್ಲಿ ನಾನು ಕೇಳೋ ಮುಂಚೆ ಉತ್ತರ ಕೊಟ್ಟವರು ನೀವೇ ಮೊದಲು. ಇನ್ನೊಂದು ಸಲ ಅಳೆದು ಕಳಿಸಿ, ನಾನು ಓದ್ತೀನಿ."

"ಅಳೆಯೋಕೆ ಆಕಾಶ ಬೇಕಲ್ಲ" ಎಂದು ಮೇಡಂ ಪರದೆಯ ಸಂದಿನಿಂದ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಮೋಡದ ಅಂಚು ಹರಿದು ಒಂದು ತುಂಡು ನೀಲಿ ಕಾಣುತ್ತಿತ್ತು. ಅವರು ತಟ್ಟನೆ ಎದ್ದರು. "ಕೋನಪ್ಪೋರೆ, ಜೀಪು!"

"ಸಭೆ?" ಎಂದರು ಡೈರೆಕ್ಟರು. "ಘೋಷಣೆ? ಉಪಕರಣಾಧಿಕಾರಿ?"

ಆ ಹೊತ್ತಿಗೆ ಉಪಕರಣಾಧಿಕಾರಿಯಾಗಬೇಕಿದ್ದವನು ಬಾಗಿಲ ಬಳಿ ಮನೆಯ ಮಾಲೀಕರನ್ನು ದಾಟುತ್ತಿದ್ದ. ಅವರಿಬ್ಬರು ಓಡುವುದನ್ನು ನೋಡಿ ಮಾಲೀಕರೂ ಓಡಿದರು.

ಎಂಟು ಗಂಟೆಗೆ ಕಲ್ಲು ಮೂಡಣದಲ್ಲಿ ಸಾಕಷ್ಟು ಮೇಲೆ ಬಂದಿತ್ತು. ಹೋದ ಕೂಡಲೇ ಕೋನಪ್ಪ ಇಂಕಿನ ಪೆನ್ನಿನಿಂದ ಕಪ್ಪು ಗೆರೆ ಎಳೆದಿದ್ದ, ಸೊಟ್ಟ ಸೊಟ್ಟಗೆ. "ಸೊನ್ನೆ" ಎಂದು ಕೂಗಿದ. ಮೇಡಂ ತಾವೇ ಸ್ಟೂಲು ಹತ್ತಿ ನೋಡಿ ಇಳಿದರು. ಅವನು "ಇಪ್ಪತ್ತೆರಡೂವರೆ" ಎಂದು ಕೂಗಿದ. ಅವರು ಮತ್ತೆ ಹತ್ತಿ ಇಳಿದರು. ಅವನಿಗೆ ಬೇಸರವಾಗಲಿಲ್ಲ. ನಾಲ್ಕು ಕೋನ ಮುಗಿದು ಪರದೆಯ ಮೇಲೆ ಅಂಕಿ ಮೂಡಿತು. ಅಡ್ಡ. ಲೋಕದ ಎಲ್ಲ ಕಲ್ಲುಗಳ ಹಾಗೆ ಅಡ್ಡಡ್ಡ ಮಲಗಿದ ಬೆಳಕು.

ಇಬ್ಬರೂ ಅದನ್ನೇ ನೋಡಿದರು. ಗುಮ್ಮಟದ ಸೀಳಿನಿಂದ ಗಾಳಿ ಬರುತ್ತಿತ್ತು.

"ತಪ್ಪಾಯ್ತು ಮೇಡಂ" ಅಂದ ಕೋನಪ್ಪ.

"ಇದು ಸರಿ ಇದೆ" ಅಂದರು ಮೇಡಂ, ಅಂಕಿ ತೋರಿಸಿ. ಬರೆದುಕೊಂಡರು. ಇನ್ನೊಮ್ಮೆ ನೋಡಿ, "ಸರಿಯಾಗಿದೆ" ಅಂದರು, ತಮಗೇ ಹೇಳಿಕೊಂಡಂತೆ. ಆಮೇಲೆ ಅವರ ಭುಜಗಳು ಅಲುಗಿದವು. ಅಳುತ್ತಿದ್ದಾರೆಂದು ಕೋನಪ್ಪ ಗಾಬರಿಯಾದ. ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆಗ ಕೋನಪ್ಪನ ಫೋನು ಹೊಡೆದುಕೊಂಡಿತು. ಅತ್ತೆ.

"ಏನಂತೆ ಕಲ್ಲು?"

"ಎಲ್ಲ ಕಲ್ಲಿನ ಹಾಗೇ ಇದೆ ಅತ್ತೆ."

"ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಹೂಂ ಅತ್ತೆ" ಅಂದ ಕೋನಪ್ಪ, ಸ್ಟೂಲಿನ ಮೇಲೆ ಕೂರುತ್ತ. "ಬೇಕಾಯ್ತು."